ಗ್ರೂಪ್ ಥೆರಪಿಯಲ್ಲೂ ನಾನೇ ಎಲ್ಲರ ಅಕ್ಕ, ಬಿಟ್ಟುಬಿಡಲಾ?

ಪ್ರಶ್ನೆ: ನನಗೆ 34 ವರ್ಷ. ಊರು ಉಡುಪಿ ಹತ್ತಿರ, ಒಂದು ಸೊಸೈಟಿಯಲ್ಲಿ ಕೆಲಸ. ಎದೆ ಡವಡವ, ನಿದ್ದೆ ಇಲ್ಲ, ಕಾರಣವಿಲ್ಲದ ಹೆದರಿಕೆ ಅಂತ ಡಾಕ್ಟರ ಹತ್ತಿರ ಹೋದಾಗ ಮಾತ್ರೆಯ ಜೊತೆಗೆ ಗ್ರೂಪ್ ಥೆರಪಿಗೂ ಹೋಗಿ ಅಂದರು. ಎಂಟು ತಿಂಗಳಿಂದ ಪ್ರತಿ ಗುರುವಾರ ಮಂಗಳೂರಿಗೆ ಹೋಗುತ್ತಿದ್ದೇನೆ. ಹೆದರಿಕೆ ತುಂಬ ಕಡಿಮೆಯಾಗಿದೆ. ಆದರೆ ಅಲ್ಲಿ ನಾನು ಎಲ್ಲರ ಅಕ್ಕನಾಗಿಬಿಟ್ಟಿದ್ದೇನೆ. ನನಗಿಂತ ಹದಿನೈದು ವರ್ಷ ದೊಡ್ಡವರೂ ‘ಅಕ್ಕ’ ಅಂತಾರೆ. ಯಾರು ಅತ್ತರೂ ಟಿಶ್ಯೂ ಕೊಡುವುದು ನಾನೇ. ಇಬ್ಬರು ರಾತ್ರಿ ಹತ್ತರ ನಂತರವೂ ಫೋನ್ ಮಾಡುತ್ತಾರೆ. ವಾಪಸು ಬರುವಾಗ ಬಸ್ಸಿನಲ್ಲಿ ಸುರತ್ಕಲ್, ಮೂಲ್ಕಿ ದಾಟುವ ತನಕ ಅವರ ಸಂಸಾರದ್ದೇ ಯೋಚನೆ, ನನ್ನದು ನೆನಪಾಗುವುದು ಪಡುಬಿದ್ರಿ ಬಂದ ಮೇಲೆ. ಕಳೆದ ತಿಂಗಳು ಒಬ್ಬರು ತಮ್ಮ ತಂದೆಯನ್ನು ಕ್ಷಮಿಸಿದೆ ಅಂದರು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ತಾವೂ ತಮ್ಮವರನ್ನು ಕ್ಷಮಿಸಿದ್ದೇವೆ ಅಂದರು, ಅತ್ತರು. ನನ್ನ ಸರದಿ ಬಂದಾಗ ನಾನೂ ಹಾಗೇ ಹೇಳಿ ಕಣ್ಣೊರೆಸಿಕೊಂಡೆ. ನಾನು ಅಪ್ಪನನ್ನು ಕ್ಷಮಿಸಿಲ್ಲ. ಮನೆಯಲ್ಲಿ ಗಂಡ ‘ನೀನೀಗ ಗ್ರೂಪಿನ ಭಾಷೆಯಲ್ಲೇ ಮಾತಾಡ್ತಿ’ ಅಂತಾರೆ. ಮನೆಯಲ್ಲಿ ಕಳೆದುಹೋದದ್ದು ಸಾಲದು ಅಂತ ಇಲ್ಲೂ ಕಳೆದುಹೋದೆನಾ? ಇದನ್ನು ಬಿಟ್ಟು ಒಬ್ಬಳೇ ಕೌನ್ಸೆಲಿಂಗ್‌ಗೆ ಹೋದರೆ ಒಳ್ಳೆಯದಾ? ಇನ್ನೊಂದು ವಿಷಯ, ಅತ್ತೆಯ ಹತ್ತಿರ ಹೊಲಿಗೆ ಕ್ಲಾಸಿಗೆ ಹೋಗುತ್ತೇನೆ ಅಂತ ಹೇಳಿದ್ದೇನೆ. ಅದು ತಪ್ಪಾ?

ಹೆಸರು ಬೇಡ ಎಂದ ಓದುಗರು, ಉಡುಪಿ ಜಿಲ್ಲೆ

ಉತ್ತರ: ಬಿಡಬೇಡಿ. ಕನಿಷ್ಠ ಈಗ, ಈ ಕಾರಣಕ್ಕೆ ಬಿಡಬೇಡಿ.

ನಿಮ್ಮ ಪತ್ರ ಮೂರು ಪುಟ ಇತ್ತು, ಇಲ್ಲಿ ಹಾಕಿದ್ದು ಅದರ ಕಾಲು ಭಾಗ. ಪೂರ್ತಿ ಓದುವಾಗ ನನ್ನ ಕಣ್ಣಿಗೆ ಬಿದ್ದದ್ದು ಒಂದು ಸಣ್ಣ ಸಂಗತಿ. ಮೊದಲ ಪುಟದ ‘ನಾನು’ ಎರಡನೇ ಪುಟಕ್ಕೆ ಬರುವಾಗ ‘ನಾವು’ ಆಗಿದೆ. ‘ಆ ದಿನ ನಮಗೆಲ್ಲ ಹಗುರ ಆಯಿತು’ ಎಂದು ಬರೆದಿದ್ದೀರಿ. ಅದು ಕ್ಷಮೆಯ ದಿನದ ಮಾತು. ನಿಮಗೆ ಹಗುರ ಆಗಿರಲಿಲ್ಲ, ಆ ರಾತ್ರಿ ನಿದ್ದೆ ಬರಲಿಲ್ಲ ಎಂದು ಮುಂದಿನ ಪುಟದಲ್ಲಿ ನೀವೇ ಬರೆದಿದ್ದೀರಿ.

ಮನೆಮಾತು ತುಳು ಅಂದಿದ್ದೀರಿ, ಹಾಗಾಗಿ ಇದು ನಿಮಗೆ ಬೇಗ ಹೊಳೆದೀತು. ತುಳುವಿನಲ್ಲಿ ‘ನಾವು’ ಅನ್ನಲಿಕ್ಕೆ ಎರಡು ಶಬ್ದ ಉಂಟು. ಕೇಳುವವರನ್ನೂ ಸೇರಿಸಿಕೊಂಡರೆ ‘ನಮ’. ಅವರನ್ನು ಹೊರಗಿಟ್ಟರೆ ‘ಎಂಕುಲು’. ‘ನಮ ಪೋಯಿ’ ಅಂದರೆ ನೀವೂ ಹೊರಡಬೇಕು, ‘ಎಂಕುಲು ಪೋಪ’ ಅಂದರೆ ನೀವು ಮನೆಯಲ್ಲೇ. ಯಾರು ಒಳಗೆ, ಯಾರು ಹೊರಗೆ ಎಂದು ಬಾಯಿ ತೆರೆಯುವ ಮೊದಲೇ ಲೆಕ್ಕ ಹಾಕಬೇಕು. ಕನ್ನಡದ ‘ನಾವು’ಗೆ ಆ ಲೆಕ್ಕ ಬೇಡ, ಎಲ್ಲರನ್ನೂ ಒಂದೇ ಚಾಪೆಯಲ್ಲಿ ಕೂರಿಸಿಬಿಡುತ್ತದೆ. ನಿಮ್ಮ ಗ್ರೂಪ್ ನಡೆಯುವುದು ಕನ್ನಡದಲ್ಲಿ. ನಮ್ಮ ಕಡೆ ತುಳು, ಕೊಂಕಣಿ, ಬ್ಯಾರಿ ಮಾತಾಡುವ ಮನೆಯವರಿಗೆ ಕನ್ನಡ ಶಾಲೆಯಲ್ಲಿ ಬಂದ ಭಾಷೆ. ಅದರಲ್ಲಿ ಮರ್ಯಾದೆ ಜಾಸ್ತಿ, ಸಿಟ್ಟು ಕಡಿಮೆ. ಥೆರಪಿಸ್ಟ್ ಆಗಿ ನಾನು ನಡೆಸುವ ಗ್ರೂಪುಗಳಲ್ಲಿ ಎಷ್ಟೋ ಜನ ಕನ್ನಡದಲ್ಲಿ ‘ಸ್ವಲ್ಪ ಬೇಸರವಾಯಿತು’ ಅಂದದ್ದನ್ನು, ‘ಮನೆಯಲ್ಲಾದರೆ ಹೇಗೆ ಹೇಳ್ತಿದ್ರಿ?’ ಎಂದು ಕೇಳಿದಾಗ, ಇಲ್ಲಿ ಬರೆಯಲಾಗದ ತುಳುವಿನಲ್ಲಿ ಹೇಳಿದ್ದಾರೆ. ಹೇಳಿದ ಮೇಲೆ ಅವರ ಮುಖ ಬೇರೆಯೇ ಆಗಿರುತ್ತದೆ.

ಈಗ ಅಕ್ಕನ ವಿಷಯ. ನೀವು ಇದನ್ನು ಥೆರಪಿ ಸೋತದ್ದರ ಗುರುತು ಎಂದು ತಿಳಿದಿದ್ದೀರಿ. ನನಗೆ ತದ್ವಿರುದ್ಧ ಕಾಣುತ್ತದೆ. 1905ರಲ್ಲಿ ಬಾಸ್ಟನ್‌ನ ಜೋಸೆಫ್ ಪ್ರ್ಯಾಟ್ ಎಂಬ ವೈದ್ಯರು ಕ್ಷಯರೋಗಿಗಳನ್ನು ವಾರಕ್ಕೊಮ್ಮೆ ಒಟ್ಟಿಗೆ ಕೂರಿಸಲು ಶುರು ಮಾಡಿದ್ದು ಬುದ್ಧಿ ಹೇಳಲಿಕ್ಕೆ: ಹೇಗೆ ಮಲಗಬೇಕು, ಎಷ್ಟು ತಿನ್ನಬೇಕು, ತೂಕ ಎಷ್ಟಾಯಿತು. ಒಬ್ಬೊಬ್ಬರಿಗೇ ಹೇಳುವುದಕ್ಕಿಂತ ಎಲ್ಲರಿಗೂ ಒಟ್ಟಿಗೆ ಹೇಳಿದರೆ ಸಮಯ ಉಳಿಯುತ್ತದೆ ಎಂಬ ಲೆಕ್ಕ. ರೋಗಿಗಳು ಒಬ್ಬರಿಂದ ಒಬ್ಬರು ಧೈರ್ಯ ತೆಗೆದುಕೊಳ್ಳುವುದು ಆಮೇಲೆ ಕಣ್ಣಿಗೆ ಬಿತ್ತು. ಈಗ ನಾವು ಗ್ರೂಪ್ ನಡೆಸುವ ಕ್ರಮಕ್ಕೆ ಮುಖ್ಯ ಬುನಾದಿ ಹಾಕಿದವರಲ್ಲಿ ಅಮೆರಿಕದ ಮನೋವೈದ್ಯ ಇರ್ವಿನ್ ಯಾಲಮ್ ಒಬ್ಬರು. ಅವರು ಒತ್ತಿ ಹೇಳಿದ್ದು ಇದು: ಏಳೆಂಟು ಜನ ವಾರವಾರ ಒಂದೂವರೆ ಗಂಟೆ ಕೂತರೆ, ಕೆಲವೇ ತಿಂಗಳಲ್ಲಿ ಪ್ರತಿಯೊಬ್ಬರೂ ಹೊರಗೆ ಹೇಗಿರುತ್ತಾರೋ ಒಳಗೂ ಹಾಗೇ ಇರಲು ಶುರು ಮಾಡುತ್ತಾರೆ. ಮನೆಯಲ್ಲಿ ಮೂಲೆ ಹಿಡಿಯುವವರು ಇಲ್ಲೂ ಮೂಲೆ ಹಿಡಿಯುತ್ತಾರೆ. ಅಣ್ಣನ ಮೇಲೆ ಹೊಟ್ಟೆಕಿಚ್ಚು ಇದ್ದವರಿಗೆ ಇಲ್ಲೂ ಒಬ್ಬ ಅಣ್ಣ ಸಿಗುತ್ತಾನೆ. ಮೂವರಲ್ಲಿ ದೊಡ್ಡವಳಾಗಿ ಬೆಳೆದ ನೀವು ಇಲ್ಲೂ ಅಕ್ಕನಾಗಿದ್ದೀರಿ. ಅಂದರೆ ನಿಮ್ಮ ಕಾಯಿಲೆ ಚಿಕಿತ್ಸೆಯ ಕೋಣೆಗೇ ಬಂದು ಕೂತಿದೆ. ಒಬ್ಬರೇ ಕೌನ್ಸೆಲರ ಮುಂದೆ ಕೂತರೆ ಅಕ್ಕನ ಬಗ್ಗೆ ವರದಿ ಕೊಡುತ್ತೀರಿ, ಚೆಂದದ ವರದಿಯನ್ನೇ ಕೊಡುತ್ತೀರಿ, ನಿಮ್ಮ ಪತ್ರ ನೋಡಿದರೆ ಗೊತ್ತಾಗುತ್ತದೆ. ಗ್ರೂಪಿನಲ್ಲಾದರೆ ಅಕ್ಕ ಟಿಶ್ಯೂ ಡಬ್ಬಿಗೆ ಕೈ ಚಾಚುವಾಗಲೇ ಸಿಕ್ಕಿಬೀಳುತ್ತಾಳೆ.

ಸಿಕ್ಕಿಬಿದ್ದ ಒಬ್ಬರ ಕಥೆ ಹೇಳುತ್ತೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಕೆಲವು ವರ್ಷಗಳ ಹಿಂದೆ ನನ್ನ ಗ್ರೂಪಿಗೆ ಐವತ್ತರ ಆಸುಪಾಸಿನ ಒಬ್ಬರು ಬರುತ್ತಿದ್ದರು. ಪ್ರತಿ ವಾರ ಸ್ಟೀಲಿನ ಡಬ್ಬಿಯಲ್ಲಿ ಗೋಳಿಬಜೆ ತರುವರು. ಬಿಸಿ ಆರದ ಹಾಗೆ ಒಳಗೆ ಪೇಪರ್, ಹೊರಗೆ ಬೈರಾಸು ಸುತ್ತಿ. ಜೊತೆಗೆ ಸಣ್ಣ ಡಬ್ಬಿಯಲ್ಲಿ ಕಾಯಿಚಟ್ನಿ. ಐದೂವರೆಗೆ ಶುರುವಾಗಬೇಕಾದ ಸೆಷನ್ ಐದು ಮುಕ್ಕಾಲಿಗೆ ಶುರುವಾಗುತ್ತಿತ್ತು. ನಾನೂ ತಿಂದೆ. ಒಂದೆರಡು ವಾರವಲ್ಲ, ಮೂರು ತಿಂಗಳು. ನನ್ನ ಕೈಕೆಳಗೆ ಕಲಿಯುವವರು ಹಾಗೆ ಮಾಡಿದ್ದರೆ ಬೈಯುತ್ತಿದ್ದೆ. ಅವರ ಗೋಳಿಬಜೆ ಅಷ್ಟು ಚೆನ್ನಾಗಿರುತ್ತಿತ್ತು ಎಂಬುದು ಸಬೂಬು ಅಲ್ಲ, ನಿಜ.

ಜುಲೈ ತಿಂಗಳ ಒಂದು ದಿನ. ಮಳೆ ಎಷ್ಟೆಂದರೆ ಹೊರಗಿನ ಶೀಟಿನ ಮೇಲೆ ಬೀಳುವ ಸದ್ದಿಗೆ ಮೆತ್ತಗೆ ಮಾತಾಡುವವರ ಮಾತು ಕೇಳುವ ಹಾಗಿರಲಿಲ್ಲ. ಅವರು ಬಂದರು. ಕೈಯಲ್ಲಿ ಕೊಡೆ ಮಾತ್ರ. ಕೊಡೆಯನ್ನು ಬಾಗಿಲ ಹೊರಗೆ ಬಿಡಿಸಿಟ್ಟು ಬಂದು ಕೂತರು. ಒಬ್ಬ ಯುವಕ ನಗುತ್ತಾ ಕೇಳಿದ, “ಎಂತ, ಇವತ್ತು ಎಂತದೂ ಇಲ್ವಾ?” ಅವರು ಏನೋ ಅಂದರು. ಮಳೆಗೆ ಕೇಳಲಿಲ್ಲ. “ಎಂತ?” ಅಂದ. ಅವರು ಗಟ್ಟಿಯಾಗಿ ಹೇಳಬೇಕಾಯಿತು: “ಇಲ್ಲ. ಮಾಡ್ಲಿಕ್ಕೆ ಮನಸ್ಸಾಗ್ಲಿಲ್ಲ.”

ಅಷ್ಟೇ. ಆದರೆ ಆ ಕೋಣೆಯಲ್ಲಿ ಏನೋ ಬಿದ್ದು ಒಡೆದ ಹಾಗಾಯಿತು. ಒಬ್ಬರು ಪಾಪ, ಮೈಗೆ ಹುಷಾರಿಲ್ವಾ ಎಂದು ಕೇಳಿದರು. ಹುಷಾರಿದ್ದೇನೆ ಎಂದರು. ಇನ್ನೊಬ್ಬರು, ಪರವಾಗಿಲ್ಲ ಬಿಡಿ, ಮುಂದಿನ ವಾರ ತಂದರಾಯ್ತು ಎಂದರು. ಅದಕ್ಕೆ ಉತ್ತರ ಬರಲಿಲ್ಲ. ಇಪ್ಪತ್ತು ನಿಮಿಷ ಬೇರೇನೇನೋ ಮಾತು ನಡೆದು, ಕೊನೆಗೆ ಆ ಯುವಕನೇ ಹೇಳಿದ, “ನಂಗೆ ಸಿಟ್ಟು ಬರ್ತಾ ಉಂಟು. ಯಾಕೆ ಅಂತ ಗೊತ್ತಿಲ್ಲ. ನಾಚಿಕೆಯೂ ಆಗ್ತಾ ಉಂಟು.” ಅವನ ಪಕ್ಕದವರು, ಅಲ್ಲಿಯ ತನಕ ಬಾಯಿ ಬಿಡದಿದ್ದ ನಿವೃತ್ತ ಮೇಷ್ಟ್ರು, ಆ ಮಹಿಳೆಯ ಕಡೆ ತಿರುಗಿ ಅಂದರು: “ಮೂರು ತಿಂಗಳಾಯ್ತು ಮಾರಾಯ್ರೆ. ನೀವು ಮಾಡಿದ್ದು ತಿಂದಿದ್ದೇನೆ, ನಿಮ್ಮ ಬಗ್ಗೆ ನನಗೆ ಎಂತದೂ ಗೊತ್ತಿಲ್ಲ.”

ಅವರು ಆ ದಿನ ಅಳಲಿಲ್ಲ, ಕ್ಷಮೆ ಕೇಳಲಿಲ್ಲ. ನಂತರದ ವಾರ ಬರುತ್ತಾರೋ ಇಲ್ಲವೋ ಎಂದು ನನಗೆ ಅನುಮಾನ ಇತ್ತು. ಬಂದರು. ಯಾವಾಗಲೂ ಬಾಗಿಲ ಹತ್ತಿರದ ಕುರ್ಚಿ ಹಿಡಿಯುವವರು ಕಿಟಕಿಯ ಪಕ್ಕ ಕೂತು, ತನ್ನ ಗಂಡ ತೀರಿಹೋದ ವರ್ಷದ ಬಗ್ಗೆ ಮೊದಲ ಸಲ ಮಾತಾಡಿದರು.

ಅವರು ಗ್ರೂಪಿನಿಂದ ಹೊರಗೆ ಹೋಗಿ ತಮ್ಮನ್ನು ಹುಡುಕಿಕೊಳ್ಳಲಿಲ್ಲ. ಬೇರೆ ಮಾತು ಹೇಳಿದರು, ಹೇಳಿದ ಮೇಲೆ ಕುರ್ಚಿ ಬಿಟ್ಟು ಏಳಲಿಲ್ಲ. ಕುರ್ಚಿ ಬಿಡದಿರುವುದೇ ಕಷ್ಟದ ಭಾಗ. ನಿಮ್ಮಂಥವರಿಗೆ ಬೇರೆ ಮಾತು ಗೊತ್ತಿಲ್ಲ ಎಂದಲ್ಲ, ಮೂರು ಪುಟ ಬರೆದಿದ್ದೀರಿ. ಆ ಮಾತು ಹೇಳಿದ ನಂತರದ ಐದು ನಿಮಿಷ ಹೇಗಿರುತ್ತದೆ ಎಂಬ ಅನುಭವ ಇಲ್ಲ. ಚಿಕ್ಕಂದಿನಿಂದ ಆ ಐದು ನಿಮಿಷವನ್ನು ನೀವು ಬರಲಿಕ್ಕೇ ಬಿಟ್ಟಿಲ್ಲ.

ಕ್ಷಮೆಯ ದಿನದ ಬಗ್ಗೆ ನೀವು ನಾಚಿಕೆಪಟ್ಟುಕೊಂಡು ಬರೆದಿದ್ದೀರಿ. ಅಷ್ಟು ನಾಚಿಕೆ ಬೇಡ. 1951ರಲ್ಲಿ ಸಾಲೊಮನ್ ಆ್ಯಶ್ ಎಂಬ ಮನಶ್ಶಾಸ್ತ್ರಜ್ಞ ಪ್ರಕಟಿಸಿದ ಒಂದು ಪ್ರಯೋಗ ಉಂಟು. ಒಂದು ಕಾರ್ಡಿನಲ್ಲಿ ಒಂದು ಗೆರೆ, ಇನ್ನೊಂದರಲ್ಲಿ ಮೂರು ಗೆರೆ. ಯಾವುದು ಮೊದಲಿನದಷ್ಟೇ ಉದ್ದ ಎಂದು ಹೇಳಬೇಕು. ಒಂದನೇ ಕ್ಲಾಸಿನ ಮಗುವೂ ಹೇಳೀತು. ಆದರೆ ಕೋಣೆಯಲ್ಲಿ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಮೊದಲೇ ಹೇಳಿಕೊಟ್ಟವರು, ಬೇಕೆಂದೇ ಒಂದೇ ತಪ್ಪು ಉತ್ತರ ಹೇಳುತ್ತಾರೆ. ನಿಜವಾಗಿ ಪರೀಕ್ಷೆಗೆ ಒಳಗಾದವನ ಸರದಿ ಬರುವುದು ಹೆಚ್ಚುಕಡಿಮೆ ಸಾಲಿನ ಕೊನೆಗೆ. ಅಂಥವರು ಕೊಟ್ಟ ಉತ್ತರಗಳಲ್ಲಿ ಸುಮಾರು ಮೂರರಲ್ಲೊಂದು ತಪ್ಪಿನ ಕಡೆಗೇ ವಾಲಿತು. ಕಣ್ಣೆದುರಿನ ಗೆರೆಯ ಉದ್ದಕ್ಕೇ ಈ ಗತಿಯಾದರೆ, ಅಪ್ಪನ ಮೇಲಿನ ಸಿಟ್ಟಿನ ಅಳತೆ ಕೇಳುವುದೇ ಬೇಡ. ಅದರಲ್ಲೂ ಎದುರಿನಲ್ಲಿ ಐದಾರು ಜನ ಅಳುತ್ತಿರುವಾಗ.

ಆ ಪ್ರಯೋಗದ ಇನ್ನೊಂದು ಭಾಗ ನನಗೆ ಹೆಚ್ಚು ಇಷ್ಟ. ಉಳಿದವರೆಲ್ಲ ತಪ್ಪು ಹೇಳುವಾಗ ಒಬ್ಬನೇ ಒಬ್ಬ ಸರಿಯಾದ ಉತ್ತರ ಹೇಳುವಂತೆ ಏರ್ಪಾಡು ಮಾಡಿದರು. ಬಹುಮತದ ಕಡೆ ವಾಲುವುದು ಮೊದಲಿನದರ ಸುಮಾರು ಕಾಲು ಭಾಗಕ್ಕೆ ಇಳಿಯಿತು. ಒಬ್ಬ ಸಾಕು. ನಿಮ್ಮ ಎಂಟು ಜನರಲ್ಲಿ ಇನ್ನೂ ಒಬ್ಬರಾದರೂ ಕ್ಷಮಿಸದೇ ಕಣ್ಣೊರೆಸಿಕೊಂಡವರು ಇದ್ದಾರೆ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಅವರು ಆ ಒಬ್ಬರಿಗಾಗಿ ಕಾಯುತ್ತಿದ್ದಾರೆ. ಅಂದ ಹಾಗೆ, ಕ್ಷಮೆಯಂಥ ವಿಷಯವನ್ನು ಸರದಿ ಪ್ರಕಾರ ಸುತ್ತು ಹಾಕಿಸಿದ್ದು ನಿಮ್ಮ ಥೆರಪಿಸ್ಟ್ ಆಗಿದ್ದರೆ ಅದು ಅವರ ಎಡವಟ್ಟು. ಅದು ತಾನಾಗಿ ಸುತ್ತು ಹೊಡೆದಿದ್ದರೂ ಮಧ್ಯದಲ್ಲಿ ಒಮ್ಮೆ ತಡೆದು, ‘ಹಾಗೆ ಅನ್ನಿಸದವರು ಯಾರಾದರೂ ಇದ್ದೀರಾ?’ ಎಂದು ಕೇಳಬೇಕಿತ್ತು. ಗೋಳಿಬಜೆ ತಿಂದ ನಾನು ಇದಕ್ಕಿಂತ ಹೆಚ್ಚು ದೂರುವ ಹಾಗಿಲ್ಲ.

‘ಅಕ್ಕ’ ಪೂರ್ತಿ ನಿಮ್ಮ ತಪ್ಪಲ್ಲ ಎಂಬುದನ್ನೂ ತಿಳಿಯಿರಿ. ವಿಲ್ಫ್ರೆಡ್ ಬಿಯಾನ್ ಎಂಬ ಬ್ರಿಟಿಷ್ ಮನೋವೈದ್ಯರು ಎರಡನೇ ಮಹಾಯುದ್ಧದ ಕಾಲದಲ್ಲಿ ಸೈನಿಕ ಆಸ್ಪತ್ರೆಯಲ್ಲಿ, ಆಮೇಲೆ ಲಂಡನ್ನಿನ ಟ್ಯಾವಿಸ್ಟಾಕ್ ಎಂಬ ಮನೋಚಿಕಿತ್ಸೆಯ ಕ್ಲಿನಿಕ್ಕಿನಲ್ಲಿ ಗುಂಪುಗಳನ್ನು ನೋಡುತ್ತಾ ಕೂತವರು. ಇವರು ಹುಟ್ಟಿದ್ದು ನಮ್ಮ ಮಥುರಾದಲ್ಲಿ, 1897ರಲ್ಲಿ. ಗುಂಪು ಮೇಲ್ನೋಟಕ್ಕೆ ಒಂದು ಕೆಲಸಕ್ಕೆಂದು ಸೇರಿರುತ್ತದೆ, ಒಳಗೊಳಗೆ ಮಾತ್ರ ಬೇರೇನೋ ನಡೆಸುತ್ತಿರುತ್ತದೆ ಎಂದು ಅವರು ಗಮನಿಸಿದರು. ಕೆಲವೊಮ್ಮೆ ಎಲ್ಲರೂ ಒಬ್ಬರಿಗೆ ಜೋತುಬೀಳುತ್ತಾರೆ, ಕೆಲವೊಮ್ಮೆ ಒಟ್ಟಾಗಿ ಜಗಳಕ್ಕೆ ಅಥವಾ ಓಟಕ್ಕೆ ನಿಲ್ಲುತ್ತಾರೆ, ಕೆಲವೊಮ್ಮೆ ಇಬ್ಬರ ಜೋಡಿ ಏನೋ ಪವಾಡ ಮಾಡೀತೆಂದು ಕಾಯುತ್ತಾರೆ. ನಿಮ್ಮ ಗ್ರೂಪಿಗೆ ಜೋತುಬೀಳಲು ಒಬ್ಬರು ಬೇಕಿತ್ತು. ಆ ಕೆಲಸದಲ್ಲಿ ಇಪ್ಪತ್ತೈದು ವರ್ಷದ ಅನುಭವ ಇರುವವರು ಬಾಗಿಲು ತೆರೆದು ಒಳಗೆ ಬಂದಿರಿ. ಅರ್ಜಿ ಹಾಕದೇ ಕೆಲಸ ಸಿಕ್ಕಿತು. ನೀವು ರಾಜೀನಾಮೆ ಕೊಟ್ಟರೆ ಗ್ರೂಪು ಸ್ವಲ್ಪ ಗಡಬಡಿಸುತ್ತದೆ. ಗಡಬಡಿಸಲಿ. ಅದನ್ನು ನೋಡಿಕೊಳ್ಳಲು ಥೆರಪಿಸ್ಟ್ ಇದ್ದಾರೆ.

ಇನ್ನು ಮಾಡಬೇಕಾದ್ದು. ಮುಂದಿನ ಗುರುವಾರ ಟಿಶ್ಯೂ ಡಬ್ಬಿ ನಿಮ್ಮ ಕೈಗೆ ಸಿಗದಷ್ಟು ದೂರದ ಕುರ್ಚಿಯಲ್ಲಿ ಕೂರಿ. ನಗಬೇಡಿ, ಇದು ನಿಜವಾದ ಸಲಹೆ. ಆಮೇಲೆ, ಮೊದಲ ಅರ್ಧ ಗಂಟೆಯೊಳಗೆ ಇಷ್ಟು ಹೇಳಿ: “ನಂಗೆ ಒಂದು ಹೇಳ್ಲಿಕ್ಕುಂಟು. ಹೋದ ತಿಂಗಳು ನಾನೂ ಕ್ಷಮಿಸಿದ್ದೇನೆ ಅಂದೆ. ಅದು ಸುಳ್ಳು. ನಾನು ಕ್ಷಮಿಸ್ಲಿಲ್ಲ.” ಅಲ್ಲಿಗೆ ನಿಲ್ಲಿಸಿ. ‘ಯಾರೂ ಬೇಜಾರು ಮಾಡ್ಬೇಡಿ’, ‘ನಿಮ್ಮದೆಲ್ಲ ಸರಿ, ನನ್ನದೇ ಏನೋ ಪ್ರಾಬ್ಲಮ್’ ಇಂಥ ಬಾಲ ಬೇಡ. ಆ ಬಾಲ ಅಕ್ಕನದ್ದು, ಹೇಳಿದ್ದನ್ನು ಹೇಳಿದ ಕೂಡಲೇ ಒರೆಸಿಹಾಕುವಂಥದ್ದು. ಸೆಷನ್ನಿನ ಕೊನೆಯ ಐದು ನಿಮಿಷಕ್ಕೂ ಇದನ್ನು ಇಟ್ಟುಕೊಳ್ಳಬೇಡಿ. ಹೇಳಿ ಬಸ್ಸಿಗೆ ಓಡುವ ಉಪಾಯ ಅದು, ಎಲ್ಲರೂ ಮಾಡುತ್ತಾರೆ.

ಎದೆ ಡವಡವ ಅಂದೇ ಅನ್ನುತ್ತದೆ. ಹಳೆಯ ಹೆದರಿಕೆ ವಾಪಸು ಬಂತೆಂದು ಗಾಬರಿಯಾಗಬೇಡಿ. ಡಾಕ್ಟರನ್ನು ಕೇಳದೆ ಮಾತ್ರೆಯ ಲೆಕ್ಕವನ್ನೂ ಬದಲಿಸಬೇಡಿ. ಸ್ವಲ್ಪ ಹೊತ್ತು ಮೌನ ಇರುತ್ತದೆ. ಯಾರೋ ಒಬ್ಬರು ಕ್ಷಮೆಯ ಲಾಭಗಳ ಬಗ್ಗೆ ನಿಮಗೆ ಪಾಠ ಮಾಡುತ್ತಾರೆ. ಮೊದಲು ಕ್ಷಮಿಸಿದೆ ಅಂದವರಿಗೆ ನೋವಾಗಬಹುದು, ‘ನನ್ನದನ್ನು ಸುಳ್ಳು ಮಾಡಿದ್ರಿ’ ಎಂದೂ ಅನ್ನಬಹುದು. ಆಗ ನೀವು ಅವರನ್ನು ಸಮಾಧಾನ ಮಾಡುವ ಅಗತ್ಯವಿಲ್ಲ, ಜಗಳ ಮಾಡುವ ಅಗತ್ಯವೂ ಇಲ್ಲ. ‘ನಿಮ್ಮದು ನಿಜ ಇರ್ಬಹುದು, ನನ್ನದು ಹೀಗೆ’ ಅಂದರೆ ಸಾಕು.

ತಾಳಮದ್ದಳೆ, ಅಂದರೆ ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ, ನೋಡಿದವರಿಗೆ ಇದನ್ನು ವಿವರಿಸುವುದು ಸುಲಭ. ಪ್ರಸಂಗ ಎಲ್ಲರಿಗೂ ಗೊತ್ತಿರುವುದೇ, ಭಾಗವತರು ಹಾಡುವ ಪದ್ಯವೂ ಬದಲಾಗುವುದಿಲ್ಲ, ವಾಲಿ ಸಾಯುವುದೂ ತಪ್ಪುವುದಿಲ್ಲ. ಆದರೂ ಇಬ್ಬರು ಅರ್ಥಧಾರಿಗಳ ವಾಲಿ ಒಂದೇ ಅಲ್ಲ. ಆ ವ್ಯತ್ಯಾಸ ಎಲ್ಲಿ ಹುಟ್ಟುತ್ತದೆ ಗಮನಿಸಿದ್ದೀರಾ? ಪೀಠಿಕೆಯಲ್ಲಿ ಅಲ್ಲ. ಎದುರು ಕೂತ ರಾಮ ಒಂದು ಪ್ರಶ್ನೆ ಎಸೆದಾಗ, ಆ ಕ್ಷಣಕ್ಕೆ ಬಂದ ಉತ್ತರದಲ್ಲಿ. ರಾಮ ಸಪ್ಪೆಯಾದರೆ ವಾಲಿಯೂ ಸಪ್ಪೆ. ‘ನಾನು ಯಾರು’ ಎಂದು ಮನೆಯಲ್ಲಿ ಒಬ್ಬರೇ ಕೂತು ಡೈರಿ ಬರೆದರೆ ಸಿಗುವುದು ಪೀಠಿಕೆ ಮಾತ್ರ. ನಿಮ್ಮ ದನಿ ನಿಮಗೇ ಕೇಳಬೇಕಾದರೆ ಎದುರಿನಿಂದ ಒಂದು ಮಾತು ಬರಬೇಕು. ಅದಕ್ಕೇ ನಾನು ಗ್ರೂಪ್ ಬಿಡಬೇಡಿ ಅಂದದ್ದು.

ಕೆಲವರು ಇದನ್ನು ತಪ್ಪು ತಿಳಿದು, ಎಲ್ಲದಕ್ಕೂ ‘ಇಲ್ಲ’ ಅನ್ನಲು ಶುರು ಮಾಡುತ್ತಾರೆ. ಒಬ್ಬರು ಪ್ರತಿ ವಾರ ಎಲ್ಲರಿಗಿಂತ ಬೇರೆ ಅಭಿಪ್ರಾಯ ಸಿದ್ಧ ಮಾಡಿಕೊಂಡೇ ಬರುತ್ತಿದ್ದರು. ಉಳಿದವರು ಏನು ಹೇಳುತ್ತಾರೆ ಎಂದು ಕಾದು, ಅದರ ಉಲ್ಟಾ. ಎಲ್ಲರ ಮಾತಿಗೆ ತಲೆಯಾಡಿಸುವವರಷ್ಟೇ ಅವರೂ ಗುಂಪಿನ ಕೈಯಲ್ಲಿದ್ದರು. ಕುಟುಂಬಗಳನ್ನು ಅಧ್ಯಯನ ಮಾಡಿದ ಅಮೆರಿಕದ ಮರ್ರೆ ಬೋವೆನ್ ಹೇಳುತ್ತಿದ್ದದ್ದೂ ಇದೇ ಜಾತಿಯ ಮಾತು: ಮನೆಯವರೊಳಗೆ ಕರಗಿಹೋಗುವವರಿಗೂ, ಸಂಪರ್ಕ ಕಡಿದುಕೊಂಡು ದೂರದ ಊರಿಗೆ ಓಡುವವರಿಗೂ ಒಳಗಿರುವ ತೊಡಕು ಒಂದೇ. ನೀವು ಹೇಳದೇ ಕೇಳದೇ ಗ್ರೂಪ್ ಬಿಟ್ಟರೆ ಎರಡನೆಯದನ್ನು ಮಾಡಿದ ಹಾಗೆ. ಆರು ತಿಂಗಳಲ್ಲಿ ಆಫೀಸಿನಲ್ಲೋ ಮಹಿಳಾ ಮಂಡಲದಲ್ಲೋ ಮತ್ತೆ ಅಕ್ಕನಾಗಿರುತ್ತೀರಿ. ಅಕ್ಕನ ಗುಣವನ್ನೇ ಬಿಡಬೇಕು ಎಂದೂ ನಾನು ಹೇಳುತ್ತಿಲ್ಲ. ಒಬ್ಬರ ಅಳು ನೋಡಿ ಕೈ ಮುಂದೆ ಹೋಗುವುದು ಒಳ್ಳೆಯ ಗುಣ. ಹೋಗದಿದ್ದರೆ ಉಸಿರು ಕಟ್ಟುತ್ತದೆ ಎಂಬಷ್ಟಾದಾಗ ಮಾತ್ರ ತೊಂದರೆ.

ರಾತ್ರಿ ಹತ್ತರ ಫೋನಿನ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಅದು ನಿಲ್ಲಬೇಕು. ಹೊರಗೆ ಫೋನಿನಲ್ಲಿ ಹೇಳಿದ್ದು ಒಳಗೆ ಬರುವುದಿಲ್ಲ, ಗ್ರೂಪಿನೊಳಗೆ ಇನ್ನೊಂದು ಗುಪ್ತ ಗ್ರೂಪ್ ಆಗುತ್ತದೆ. ‘ಇದನ್ನು ಗುರುವಾರ ಅಲ್ಲೇ ಹೇಳಿ, ನಾನು ಕೇಳ್ತೇನೆ’ ಎಂದು ಹೇಳಿಬಿಡಿ. ಆ ಫೋನುಗಳ ಬಗ್ಗೆಯೂ ಅಲ್ಲೇ ಹೇಳಿ. ಒಂದು ಸಂದರ್ಭ ಮಾತ್ರ ಬೇರೆ. ಯಾರಾದರೂ ಬದುಕುವುದೇ ಬೇಡ ಎಂಬ ಅರ್ಥದಲ್ಲಿ ಮಾತಾಡಿದರೆ ಗುರುವಾರಕ್ಕೆ ಕಾಯಬೇಡಿ, ಗುಟ್ಟು ಇಟ್ಟುಕೊಳ್ಳುತ್ತೇನೆ ಎಂಬ ಮಾತನ್ನೂ ಕೊಡಬೇಡಿ. ಅವರ ಮನೆಯವರಿಗೆ, ಥೆರಪಿಸ್ಟರಿಗೆ ಆಗಲೇ ತಿಳಿಸಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲಿ ಮಾತಾಡುತ್ತಾರೆ, ಖರ್ಚಿಲ್ಲ. ಅದು ಅಕ್ಕ ಒಬ್ಬಳೇ ಹೊರುವ ಭಾರವಲ್ಲ.

ಬಿಡುವುದೇ ಸರಿ ಎನ್ನುವಂಥ ಗ್ರೂಪುಗಳೂ ಇರುತ್ತವೆ. ಒಪ್ಪದ ಮಾತನ್ನೆಲ್ಲ ‘ನಿಮ್ಮ ಮನಸ್ಸು ಚಿಕಿತ್ಸೆಗೆ ಅಡ್ಡಬರುತ್ತಿದೆ’ ಎಂದು ತಳ್ಳಿಹಾಕುವುದು, ಹೇಳಲು ಮನಸ್ಸಿಲ್ಲದ್ದನ್ನು ಹೇಳಿಸಲೇಬೇಕೆಂದು ಒತ್ತಾಯಿಸುವುದು, ಬಿಟ್ಟುಹೋದವರನ್ನು ಆಡಿಕೊಳ್ಳುವುದು, ನಡೆಸುವವರೇ ಒಬ್ಬಿಬ್ಬರನ್ನು ಮುದ್ದಿಗಿಟ್ಟುಕೊಳ್ಳುವುದು, ಒಳಗಿನ ಮಾತು ಊರಿಗೆ ಬರುವುದು. ಕೊನೆಯದು ನಮ್ಮ ಕಡೆ ಸಣ್ಣ ವಿಷಯವಲ್ಲ. ‘ಊರಿಗೆ ಎಲ್ಲಿ ಆಯ್ತು ನಿಮಗೆ?’ ಎಂದು ಶುರು ಮಾಡಿದರೆ ಮೂರನೇ ಪ್ರಶ್ನೆಗೆ ನಿಮ್ಮ ಚಿಕ್ಕಮ್ಮನ ಮನೆಗೆ ಮುಟ್ಟುತ್ತಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಗುಟ್ಟು ಕಾಯುವ ಹೊಣೆಯನ್ನು ಚಿಕಿತ್ಸೆ ಕೊಡುವವರ ಮೇಲೆ ಹಾಕಿದೆ. ಜೊತೆಗೆ ಕೂತ ಏಳು ಜನರದ್ದು ತಮ್ಮತಮ್ಮೊಳಗಿನ ಒಪ್ಪಂದ, ಮಾತಿನ ಬಲದ ಮೇಲೆ ನಿಂತದ್ದು. ನಿಮ್ಮ ಪತ್ರದಲ್ಲಿ ಇಂಥದ್ದೇನೂ ನನಗೆ ಕಾಣಲಿಲ್ಲ. ಹಾಗಾಗಿ ಇನ್ನೊಂದು ಮೂರು ತಿಂಗಳು ಕೊಡಿ. ಜೊತೆಗೆ ಒಬ್ಬರೇ ಕೌನ್ಸೆಲಿಂಗ್‌ಗೂ ಹೋಗಬೇಕು ಅನ್ನಿಸಿದರೆ ಹೋಗಬಹುದು, ಅದಕ್ಕೆ ಅಡ್ಡಿಯಿಲ್ಲ, ಇಬ್ಬರು ಥೆರಪಿಸ್ಟರಿಗೂ ಗೊತ್ತಿದ್ದರೆ ಆಯಿತು. ಕ್ಷಮೆಯ ಮಾತನ್ನು ಮಾತ್ರ ಅಲ್ಲಿ ಖಾಲಿ ಮಾಡಿ ಗ್ರೂಪಿಗೆ ಬರಿಗೈಯಲ್ಲಿ ಹೋಗಬೇಡಿ. ಮೂರು ತಿಂಗಳ ಮೇಲೂ ಬಿಡಬೇಕು ಅನ್ನಿಸಿದರೆ ಮೂರು ನಾಲ್ಕು ವಾರ ಮೊದಲೇ ಎಲ್ಲರೆದುರು ಹೇಳಿ ಬಿಡಿ. ಬಿಡುವುದಕ್ಕೂ ಒಂದು ಕ್ರಮ ಉಂಟು.

ನಿಮ್ಮ ಯಜಮಾನರ ಮಾತು ನನಗೆ ಹಿಡಿಸಿತು. ‘ಬೌಂಡರಿ’, ‘ಹೀಲಿಂಗ್’, ‘ಟಾಕ್ಸಿಕ್’, ‘ಸ್ಪೇಸ್’ ಎಲ್ಲ ಮನೆಗೆ ಬಂದಿರಬೇಕು. ಪತ್ರದಲ್ಲೂ ಹನ್ನೊಂದು ಕಡೆ ಇವೆ. ಆ ಶಬ್ದಗಳು ಸುಳ್ಳಲ್ಲ. ಎರವಲು ತಂದ ಪಾತ್ರೆಯ ಹಾಗೆ, ಅಡುಗೆ ಆಗುತ್ತದೆ, ತೊಳೆದು ವಾಪಸು ಕೊಡಬೇಕು. ಒಂದು ವಾರ ಅವುಗಳಲ್ಲಿ ಒಂದನ್ನೂ ಬಳಸದೆ, ತುಳುವಿನಲ್ಲೇ, ಗ್ರೂಪಿನಲ್ಲಿ ನಿಮಗೆ ಏನಾಯಿತು ಎಂದು ಅವರಿಗೆ ಹೇಳಿ ನೋಡಿ. ಬೇರೆಯವರ ಕಥೆ ಬೇಡ, ನಿಮ್ಮದು ಮಾತ್ರ. ‘ನನಗೆ ಬೌಂಡರಿ ಬೇಕು’ ಅನ್ನುವುದು ಮನೆಮಾತಿನಲ್ಲಿ ಎಷ್ಟೋ ಸಲ ‘ಇವತ್ತು ನನ್ನಿಂದ ಆಗುದಿಲ್ಲ’ ಅಷ್ಟೇ ಆಗಿರುತ್ತದೆ. ಅದನ್ನು ಹೇಳುವುದು ಹೆಚ್ಚು ಕಷ್ಟ, ಮಾಡಿ ನೋಡಿ. ಅವರಿಗೆ ಅರ್ಥವಾಗದ ಕಡೆಗಳೂ ಬರುತ್ತವೆ. ಬಹುಶಃ ಆ ಭಾಗ ನಿಮಗೂ ಪೂರ್ತಿ ಅರ್ಥವಾಗಿಲ್ಲ.

ಕೊನೆಗೆ ಹೊಲಿಗೆ ಕ್ಲಾಸು. ತಪ್ಪಾ ಎಂದು ಕೇಳಿದ್ದೀರಿ. ಮನಸ್ಸಿನ ಚಿಕಿತ್ಸೆ ಅಂದ ಕೂಡಲೇ ಮನೆಯಲ್ಲಿ, ಊರಿನಲ್ಲಿ ಏನೇನು ಮಾತು ಬರಬಹುದು ಎಂದು ಗೊತ್ತಿದ್ದು ನೀವು ಹೇಳಿದ ಸುಳ್ಳು ಅದು. ಅದಕ್ಕೆ ನಾನು ನಿಮ್ಮನ್ನು ದೂರುವುದಿಲ್ಲ, ಅತ್ತೆಗೆ ಈಗಲೇ ನಿಜ ಹೇಳಿ ಎಂದೂ ಹೇಳುವುದಿಲ್ಲ. ಯಾರಿಗೆ, ಯಾವಾಗ, ಎಷ್ಟು ಹೇಳಬೇಕು ಎಂಬುದು ನಿಮಗೆ ಬಿಟ್ಟದ್ದು. ಆದರೆ ಒಂದು ಪ್ರಶ್ನೆ: ಇದನ್ನು ಗ್ರೂಪಿನಲ್ಲಿ ಹೇಳಿದ್ದೀರಾ? ಹೇಳಿದ ಹಾಗೆ ಕಾಣುವುದಿಲ್ಲ. ಎಲ್ಲರ ಕಷ್ಟ ಕೇಳುವ ಅಕ್ಕ ಮನೆಯಲ್ಲಿ ಸುಳ್ಳು ಹೇಳಿ ಬಸ್ ಹತ್ತುತ್ತಾಳೆ ಎಂದು ಅಲ್ಲಿ ಯಾರಿಗೂ ಗೊತ್ತಿಲ್ಲ. ಅಪ್ಪನ ವಿಷಯ ಮೊದಲ ಸಲಕ್ಕೆ ಭಾರ ಅನ್ನಿಸಿದರೆ ಇಲ್ಲಿಂದಲೇ ಶುರು ಮಾಡಿ. ಅವರಲ್ಲೂ ಒಂದಿಬ್ಬರು ಟೈಪಿಂಗಿಗೋ ಭಜನೆಗೋ ಹೋಗುತ್ತೇವೆಂದು ಹೇಳಿ ಬರುತ್ತಿರಬಹುದು. ಮತ್ತೆ, ಎಂಟು ತಿಂಗಳಾಯಿತು, ಒಂದು ರವಿಕೆಯಾದರೂ ಹೊಲಿದು ತೋರಿಸು ಎಂದು ಅತ್ತೆ ಇನ್ನೂ ಕೇಳಿಲ್ಲ ಎಂದು ಬರೆದಿದ್ದೀರಿ. ಅವರು ಯಾಕೆ ಕೇಳಿಲ್ಲ ಎಂದು ನೀವು ಯೋಚಿಸಿದ್ದೀರಾ?